ಇನ್ನೂರಕ್ಕೆ ಒಂದು

ವಾಸ್ಕೋದ ಮೀನು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ
ನನ್ನದು ಗಾಜು ಕೊಯ್ಯುವ ಅಂಗಡಿ.
ಸಂತರ ಪಟ, ಮದುವೆ ಫೋಟೋ, ಒಡೆದ ಕಿಟಕಿ,
ಒಮ್ಮೆ ಯಾರದೋ ಸತ್ತ ಬೆಕ್ಕಿನ ಚಿತ್ರಕ್ಕೂ ಕಟ್ಟು ಹಾಕಿದ್ದೇನೆ.
ಹಡಗಿಗೆ ಹಾಕಿರಲಿಲ್ಲ.
ಗದಗಿನವ ನಾನು; ಹದಿನೆಂಟರವರೆಗೆ
ಕೆರೆಗಿಂತ ದೊಡ್ಡ ನೀರು ಕಂಡವನಲ್ಲ.

ಕುಸ್ತೊದಿಯೊ ರೆಬೆಲೊ ಅದನ್ನು ಚಾದರದಲ್ಲಿ ಸುತ್ತಿ ತಂದ,
ಪಿಕಪ್ಪಿನ ಹಿಂದೆ ತಾನೂ ಕೂತು, ಮೊಣಕಾಲುಗಳ ನಡುವೆ ಇಟ್ಟುಕೊಂಡು.
ಎಪ್ಪತ್ತೊಂದು ಸೆಂಟಿಮೀಟರ್ ಎಂದ.
ನಾನು ಟೇಪು ಹಿಡಿದೆ.
ಎಪ್ಪತ್ತೊಂದೇ.

ಆತನ ಕೊಂಕಣಿ, ನನ್ನ ಕನ್ನಡ, ನಡುವೆ ಅರ್ಧಂಬರ್ಧ ಹಿಂದಿ:
ಎಂ.ವಿ. ಕೊರಿಂತಿಯಾ. ಸರಕಿನ ಹಡಗು.
ಗುಜರಾತಿನ ದಂಡೆಯಲ್ಲಿ ಅದನ್ನು ಕೊಯ್ದು
ಗುಜರಿ ಭಾವಕ್ಕೆ ಮಾರಿ ಹನ್ನೆರಡು ವರ್ಷ.
ಈಗ ಇರುವುದು ಇದೊಂದೇ.

ಕಟಕಟೆಗೆ ಸುಟ್ಟ ಫ್ಯಾನಿನ ತಾಮ್ರದ ತಂತಿ.
ಜೀವ ಉಳಿಸುವ ದೋಣಿಗಳು ಶಿವನಿ ಮರದವು,
ಕಿರುಬೆರಳಿನ ಒಂದೊಂದು ಗೆಣ್ಣಷ್ಟು.
ಲಂಗರಿನ ಸರಪಳಿ ಎಲ್ಲಿಯದು ಎಂದು ಮಾತ್ರ ಕೇಳಬೇಡ ಎಂದ;
ಹೆಂಡತಿ ಇಸ್ಪೆರಾನ್ಸ್ ಅದನ್ನಿನ್ನೂ ಹುಡುಕುತ್ತಿದ್ದಾಳಂತೆ.
ನೀರಿಳಿಯುವ ಪ್ರತಿ ತೂತಿನ ಕೆಳಗೂ
ಚಹಾದ ಗಸಿ, ಇಟ್ಟಿಗೆ ಪುಡಿ ಕಲಸಿ ಎಳೆದ ತುಕ್ಕಿನ ಗೆರೆ.
‘ಹೊಳೆಯುವುದು ಕ್ಯಾಲೆಂಡರಿನ ಹಡಗು.
ದುಡಿಯುವ ಹಡಗಿಗೆ ಮೂಗು ಸೋರುತ್ತದೆ.’

ಡೆಕ್ಕಿನ ಮೇಲೆ ಜನ, ಅಕ್ಕಿಕಾಳಿನಷ್ಟು ಎತ್ತರ.
ಒಬ್ಬನ ಕೈಯಲ್ಲಿ ದುರ್ಬೀನು, ಒಬ್ಬ ಬಣ್ಣ ಬಳಿಯುತ್ತಿದ್ದಾನೆ,
ಒಬ್ಬ ಸುಮ್ಮನೆ ನಿಂತಿದ್ದಾನೆ.
ನೀವೆಲ್ಲಿ, ಎಂದೆ.

ಚಿಮಣಿಯ ನೇರ ಕೆಳಗೆ, ಕೆಂಪು ಬಣ್ಣ ಶುರುವಾಗುವಲ್ಲಿ
ಉಗುರಿನಿಂದ ಎರಡು ಸಲ ತಟ್ಟಿದ.
ಇಲ್ಲಿ.

ಒಳಗೆ ಎಂಜಿನ್ನಿದೆಯಂತೆ. ಆರು ಸಿಲಿಂಡರು, ಮೂರು ಏಣಿ.
ಒಂದು ಮೊಳೆ. ಮೊಳೆಗೆ ತೂಗುಬಿಟ್ಟ ಎಣ್ಣೆ ಚಿಂದಿ.
ಅಷ್ಟಕ್ಕೇ ಒಂದು ವರ್ಷ, ಭೂತಗನ್ನಡಿ ಕಣ್ಣಿಗೆ ಕಟ್ಟಿಕೊಂಡು.
ಆಮೇಲೆ ಮೇಲೆ ಡೆಕ್ಕು ಕೂರಿಸಿ
ಅಂಟು ಹಾಕಿಬಿಟ್ಟನಂತೆ.

ಫೋಟೋ?
ಇಲ್ಲ.
ತೆಗೆದು ತೋರಿಸಲು ಒಂದು ಮುಚ್ಚಳವಾದರೂ?
ನನ್ನನ್ನೇ ನೋಡಿದ, ಗಾಜು ಮಾರುವವನ ಬುದ್ಧಿಯೇ ಇಷ್ಟು ಎಂಬಂತೆ.
‘ಮೂವತ್ತೊಂದು ವರ್ಷ ನನಗ್ಯಾರು ಮುಚ್ಚಳ ತೆಗೆದರು?
ಮೇಲಿಂದ ಗಂಟೆ ಹೊಡೆಯುತ್ತಿತ್ತು.
ಎಂಜಿನ್ನು ನಿಂತರೆ ಊರು. ನಡೆದರೆ ಸಮುದ್ರ.’

ಆ ರಾತ್ರಿ ಗಾಜು ಕೊಯ್ಯುತ್ತ ಲೆಕ್ಕ ಹಾಕಿದೆ.
ಇನ್ನೂರಕ್ಕೆ ಒಂದು ಎಂದರೆ
ನನ್ನ ನಾಲ್ಕು ಮಿಲಿಮೀಟರ್ ಗಾಜು ಅವರಿಗೆ
ಎಂಬತ್ತು ಸೆಂಟಿಮೀಟರ್ ದಪ್ಪದ ಗೋಡೆ.
ಮೂವತ್ತೊಂದು ವರ್ಷ ಐವತ್ತಾರು ದಿನ, ಚಿಲ್ಲರೆ.
ಅಂಚು ಎರಡು ಸಲ ಉಜ್ಜಿದೆ. ಒಂದು ಹಾಳೆ ಒಡೆಯಿತು.
ಬಿಲ್ಲಿಗೆ ಸೇರಿಸಲಿಲ್ಲ.

ಪೆಟ್ಟಿಗೆ ಕೂರಿಸಲು ಚಿಕಾಳೆಯ ಅವರ ಮನೆಗೆ ಹೋದೆ.
ಸಾಯ್ಬನ ಪೀಠದ ಕೆಳಗೆ ಬೇಡ ಎಂದಳು ಇಸ್ಪೆರಾನ್ಸ್,
ಟೀವಿ ಮೇಲೆ ನಿಲ್ಲುವುದಿಲ್ಲ, ಕಿಟಕಿಯ ಬಳಿ ಉಪ್ಪುಗಾಳಿ.
ಕೊನೆಗೆ ಅಡುಗೆಮನೆಯ ಬಾಗಿಲಿಗೆ, ಫ್ರಿಜ್ಜಿನ ಪಕ್ಕದ ಮೇಜು.
ಬಿಳಿ ಚೀಟಿಯ ಮೇಲೆ ಆತ ಅಳತೆ ಬರೆದು ಅಂಟಿಸಿದ: 1:200.
ಆಕೆ ಕನ್ನಡಕ ಏರಿಸಿ ಓದಿದಳು.
‘ಹಾಗೆಂದರೆ?’
ಹೇಳಿದೆ.
‘ಓ. ಇವನು ಮನೆಯಲ್ಲಿ ಇದ್ದದ್ದೂ
ಅದೇ ಲೆಕ್ಕದಲ್ಲಿ.’

ಆತ ನಗಲಿಲ್ಲ. ಆಕೆಯೂ.
ಲಂಗರಿನ ಸರಪಳಿಯನ್ನು ಆಕೆ ಗಾಜಿನಾಚೆಯಿಂದ
ಬಹಳ ಹೊತ್ತು ನೋಡುತ್ತಿದ್ದಳು, ಏನೂ ಕೇಳಲಿಲ್ಲ.
ಆಮೇಲೆ ಒಳಗೆ ಹೋಗಿ ನನಗೆ ಕೋಕಂ ಶರಬತ್ತು ತಂದಳು.

ದುಡ್ಡು ಎಣಿಸಲು ಆತ ಒಳಗೆ ಹೋದಾಗ
ಯಾರೂ ಇಲ್ಲವೆಂದು
ಬಗ್ಗಿ ಗಾಜಿಗೆ ಕಿವಿ ಹಚ್ಚಿದೆ.
ಸಣ್ಣಗೆ, ತಳದಿಂದ, ಬಿಡದೆ
ಗುಂಯ್ ಎನ್ನುತ್ತಿತ್ತು.

ಫ್ರಿಜ್ಜಿನದೇ ಇರಬೇಕು.